ಜೀವಂತ ಜ್ವಾಲಾಮುಖಿಯನ್ನು ನೋಡಲು ಹೊರಡುವ ಮುನ್ನ: ಉತ್ತರ ಕನ್ನಡದ ಪ್ರವಾಸಿಗರಿಗೊಂದು ಸಮಗ್ರ ಮಾರ್ಗದರ್ಶಿ

ಯಾಣಕ್ಕೆ ಹೋದವರೆಲ್ಲ ಅಲ್ಲಿನ ಕಪ್ಪು ಮಣ್ಣನ್ನು ಒಮ್ಮೆಯಾದರೂ ಕಾಲಲ್ಲಿ ಕೆದಕಿ ನೋಡಿರುತ್ತಾರೆ. ಭಸ್ಮಾಸುರ ಸುಟ್ಟು ಬೂದಿಯಾದದ್ದು ಇಲ್ಲೇ ಎಂಬ ಕಥೆಯನ್ನು ಕೇಳಿ ಬೆಳೆದ ನಮಗೆ, ಆ ಕಡುಗಪ್ಪು ಶಿಖರಗಳು ಯಾವುದೋ ಕಾಲದ ಜ್ವಾಲಾಮುಖಿಯಿಂದ ಹುಟ್ಟಿದವು ಎಂದು ಯಾರಾದರೂ ಹೇಳಿದರೆ ನಂಬಿಬಿಡುವುದು ಸುಲಭ. ಆದರೆ ಯಾಣದ ಶಿಖರಗಳು ಸುಣ್ಣಕಲ್ಲಿನವು. ಅವುಗಳನ್ನು ಕೊರೆದು ನಿಲ್ಲಿಸಿದ್ದು ಮಳೆನೀರು. ಲಾವಾರಸ ಗಟ್ಟಿಯಾಗಿ ಉಳಿದ ಕಲ್ಲನ್ನು ನಮ್ಮ ಕರಾವಳಿಯಲ್ಲಿ ಮುಟ್ಟಿ ನೋಡಬೇಕಾದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಕಂಬದಂತಹ ಕಲ್ಲುಗಳು ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದವು, ಸುಮಾರು 8.8 ಕೋಟಿ ವರ್ಷ ಹಳೆಯವು. ಈಗಲೂ ಹೊಗೆಯಾಡುವ ಪರ್ವತ ಬೇಕೆಂದರೆ ನಾವು ಸಮುದ್ರ ದಾಟಲೇಬೇಕು.

ನಾನು ಹಾಗೆ ಮೊದಲ ಸಲ ದಾಟಿದ್ದು ಇಂಡೋನೇಷ್ಯಾದ ಜಾವಾ ದ್ವೀಪದ ಇಜೆನ್ ಪರ್ವತವನ್ನು ನೋಡುವುದಕ್ಕೆ. ಹೊರಡುವ ಮುನ್ನ ಆಯಿ, "ಬೆಂಕಿ ನೋಡಲೆ ಅಷ್ಟು ದೂರ ಹೋಗವನಾ ತಮಾ, ಬಚ್ಚಲ ಒಲೆ ಮುಂದೆ ಕೂತ್ರೆ ಸಾಕಾಗ್ತಿಲ್ಯಾ?" ಎಂದು ಕೇಳಿದ್ದಳು. ಬೆಳಗಿನ ಜಾವ 2 ಗಂಟೆಗೆ ಪರ್ವತದ ಬುಡಕ್ಕೆ ತಲುಪಿದಾಗ, ಕುಳಿಯಲ್ಲಿ ವಿಷಾನಿಲ ಹೆಚ್ಚಾಗಿದೆಯೆಂದು ಗೇಟು ತೆರೆಯಲಿಲ್ಲ. ಚಹಾ ಅಂಗಡಿಯ ಬೆಂಚಿನ ಮೇಲೆ ಬೆಳಕು ಹರಿಯುವವರೆಗೆ ಕೂತು, ಮಂಜಿನಲ್ಲಿ ಬುಡವಷ್ಟೇ ಕಾಣುತ್ತಿದ್ದ ಪರ್ವತಕ್ಕೆ ಬೆನ್ನು ಮಾಡಿ ಹಿಂತಿರುಗಿದೆ. ಮರುದಿನವೇ ಬಾಲಿಯಿಂದ ವಿಮಾನವಿದ್ದುದರಿಂದ ಮತ್ತೊಂದು ರಾತ್ರಿ ಕಾಯುವಂತಿರಲಿಲ್ಲ. ಗೇಟು ಮುಚ್ಚಿದವರದು ಏನೂ ತಪ್ಪಿಲ್ಲ. ಪರ್ವತ ನನ್ನ ತಾರೀಖಿಗೆ ಸರಿಯಾಗಿ ಸುಮ್ಮನಿರುತ್ತದೆ ಎಂದುಕೊಂಡದ್ದೇ ತಪ್ಪು. ಎರಡನೆಯ ಸಲ ಹೋಗುವಾಗ ಎಲ್ಲಕ್ಕಿಂತ ಮೊದಲು ಬರೆದುಕೊಂಡದ್ದು ಪರ್ವತ ಬಿಡದಿದ್ದರೆ ಏನು ಮಾಡುವುದು ಎಂಬುದನ್ನು. ಮುಂದಿನ ಎಲ್ಲ ಹಂತಗಳನ್ನೂ ಆ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡೇ ಬರೆದಿದ್ದೇನೆ.

ಮೊದಲ ಹಂತ: ಪರ್ವತದ ಸ್ವಭಾವವನ್ನು ಅರಿಯುವುದು

ಜ್ವಾಲಾಮುಖಿಗಳೆಲ್ಲ ಒಂದೇ ಬಗೆಯಲ್ಲಿ ಉಗುಳುವುದಿಲ್ಲ. ಇದನ್ನು ತಿಳಿಯಲು ನಮ್ಮ ಆಲೆಮನೆಯ ಕೊಪ್ಪರಿಗೆಯೇ ಸಾಕು. ಕಬ್ಬಿನ ಹಾಲು ತೆಳ್ಳಗಿರುವಾಗ ಎಷ್ಟು ಕುದಿದರೂ ಗುಳ್ಳೆಗಳು ಸಲೀಸಾಗಿ ಮೇಲೆ ಬಂದು ಒಡೆಯುತ್ತವೆ. ಪಾಕ ಮಂದವಾಗುತ್ತ ಬಂದ ಹಾಗೆ ಗುಳ್ಳೆ ಒಳಗೇ ಸಿಕ್ಕಿಕೊಂಡು, ಉಬ್ಬಿ, ಕೊನೆಗೆ ಕೈಮೇಲೆ ಸಿಡಿಯುತ್ತದೆ. ಭೂಮಿಯೊಳಗಿನ ಶಿಲಾಪಾಕದ ಕಥೆಯೂ ಹೀಗೆಯೇ. ಸಿಲಿಕಾ ಅಂಶ ಕಡಿಮೆಯಿದ್ದರೆ ಪಾಕ ತೆಳು; ಅದರೊಳಗಿನ ಅನಿಲ ಸುಲಭವಾಗಿ ಹೊರಬಿದ್ದು ಲಾವಾ ಹರಿಯುತ್ತದೆ ಇಲ್ಲವೇ ಕಾರಂಜಿಯಂತೆ ಚಿಮ್ಮುತ್ತದೆ. ಹವಾಯಿಯ ಕಿಲೌಯೆಯಾ, ಐಸ್‌ಲ್ಯಾಂಡಿನ ರೇಕ್ಯಾನೆಸ್ ಪ್ರದೇಶದ ಬಿರುಕುಗಳು ಈ ಜಾತಿಯವು. ಸಿಲಿಕಾ ಹೆಚ್ಚಾದರೆ ಪಾಕ ಮಂದವಾಗಿ, ಅನಿಲ ಒತ್ತಡದಲ್ಲಿ ಸಿಕ್ಕಿಕೊಂಡು ಪರ್ವತ ಸ್ಫೋಟಿಸುತ್ತದೆ. ಜಾವಾದ ಮೆರಾಪಿ ಮತ್ತು ಸೆಮೆರು ಈ ಬಗೆಯವು. ಇಂಥವುಗಳಿಂದ ಬೂದಿ, ಕಲ್ಲು ಮತ್ತು ಬಿಸಿ ಅನಿಲ ಒಟ್ಟಾಗಿ ಇಳಿಜಾರಿನಲ್ಲಿ ಗಂಟೆಗೆ 100 ಕಿ.ಮೀ.ಗೂ ಮಿಕ್ಕಿದ ವೇಗದಲ್ಲಿ, ನೂರಾರು ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಉರುಳಿ ಬರುತ್ತವೆ. ಅದರಿಂದ ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ.

ಮೂರನೆಯ ಬಗೆಯೊಂದಿದೆ, ಪ್ರವಾಸಿಗರ ಮಟ್ಟಿಗೆ ಅದೇ ಹೆಚ್ಚು ಮೋಸದ್ದು. ಇಲ್ಲಿ ಶಿಲಾಪಾಕ ಮೇಲೆ ಬರಬೇಕೆಂದೇ ಇಲ್ಲ. ಕುಳಿಯ ಕೆಳಗೆ ಇಂಗಿದ ನೀರು ಕಾದು, ಏಕಾಏಕಿ ಉಗಿಯಾಗಿ ಹಿಗ್ಗಿ, ಮೇಲಿನ ಬಂಡೆಯನ್ನೇ ಹಾರಿಸುತ್ತದೆ. ಕಾದ ಎಣ್ಣೆಗೆ ನೀರು ಬಿದ್ದಂತೆ ಕ್ಷಣದಲ್ಲಿ ಎಲ್ಲವೂ ಆಗಿಹೋಗುತ್ತದೆ. 2014ರ ಸೆಪ್ಟೆಂಬರ್ 27ರಂದು ಜಪಾನಿನ ಒಂಟಾಕೆ ಪರ್ವತ ಹೀಗೆ ಸಿಡಿದಾಗ, ಸತ್ತವರು ಮತ್ತು ಸಿಗದೇ ಹೋದವರು ಸೇರಿ 63 ಮಂದಿ ಇಲ್ಲವಾದರು. ಅಂದು ಅಲ್ಲಿ ಜಾರಿಯಲ್ಲಿದ್ದ ಎಚ್ಚರಿಕೆಯ ಮಟ್ಟ ಅತ್ಯಂತ ಕೆಳಗಿನದು. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ ಮಾತ್ರ ಸೂಚನೆ ಇತ್ತು. 2019ರ ನವೆಂಬರಿನಲ್ಲಿ ಎಚ್ಚರಿಕೆಯನ್ನು ಎರಡನೆಯ ಮಟ್ಟಕ್ಕೆ ಏರಿಸಿದ್ದರೂ ದೋಣಿಗಳು ಪ್ರವಾಸಿಗರನ್ನು ಒಯ್ಯುತ್ತಲೇ ಇದ್ದವು. ಡಿಸೆಂಬರ್ 9ರಂದು ಸಿಡಿದಾಗ ದ್ವೀಪದಲ್ಲಿದ್ದ 47 ಜನರಲ್ಲಿ 22 ಮಂದಿ ತೀರಿಕೊಂಡರು. ಟಿಕೆಟ್ ಮಾರುತ್ತಿದ್ದಾರೆ ಎಂದ ಮಾತ್ರಕ್ಕೆ ಸುರಕ್ಷಿತ ಎಂದು ತಿಳಿಯಬಾರದು ಎನ್ನುವುದಕ್ಕೆ ಇದಕ್ಕಿಂತ ಕಠಿಣವಾದ ಉದಾಹರಣೆ ನನಗೆ ಗೊತ್ತಿಲ್ಲ.

ಆದ್ದರಿಂದ ಯಾವ ಪರ್ವತ ಎಂದು ತೀರ್ಮಾನಿಸುವ ಮೊದಲು ಮೂರು ಸಂಗತಿಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ: ಅದು ಯಾವ ಬಗೆಯದು, ಕಳೆದ 20 ವರ್ಷಗಳಲ್ಲಿ ಹೇಗೆ ನಡೆದುಕೊಂಡಿದೆ, ಮತ್ತು ನೀವು ನಿಲ್ಲಬಯಸುವ ಜಾಗ ಕುಳಿಯಿಂದ ಎಷ್ಟು ದೂರ. ಮೂರನೆಯದನ್ನೇ ಜನ ಮರೆಯುತ್ತಾರೆ. ಅದೇ ಪರ್ವತವನ್ನು 5 ಕಿ.ಮೀ. ದೂರದ ದಿಬ್ಬದಿಂದ ನೋಡುವುದಕ್ಕೂ ಕುಳಿಯ ಅಂಚಿನಲ್ಲಿ ನಿಂತು ನೋಡುವುದಕ್ಕೂ ಅಪಾಯದಲ್ಲಿ ಅಜಗಜಾಂತರವಿದೆ. ಚೆನ್ನಾಗಿ ಕಾಣುವುದು ಎಷ್ಟೋ ಸಲ ದೂರದ ದಿಬ್ಬದಿಂದಲೇ.

ಎರಡನೆಯ ಹಂತ: ಎಲ್ಲಿಗೆ ಹೋಗುವುದು

ಭಾರತದೊಳಗೇ ನೋಡಬೇಕೆನ್ನುವವರಿಗೆ ಒಂದೇ ಜಾಗ, ಅಂಡಮಾನಿನ ಬ್ಯಾರನ್ ದ್ವೀಪ. ಈಗ ಶ್ರೀ ವಿಜಯಪುರಂ ಎಂದು ಹೆಸರಾದ ಪೋರ್ಟ್ ಬ್ಲೇರ್‌ನಿಂದ ಈಶಾನ್ಯಕ್ಕೆ ಸುಮಾರು 138 ಕಿ.ಮೀ. ದೂರದಲ್ಲಿ, ಸಮುದ್ರದ ತಳದಿಂದೆದ್ದ ಪರ್ವತದ ತುದಿಯಷ್ಟೇ ನೀರಿನ ಮೇಲೆ ಕಾಣುತ್ತದೆ. 1787ರಲ್ಲಿ ಅದರ ಸ್ಫೋಟ ಮೊದಲ ಬಾರಿಗೆ ದಾಖಲಾಯಿತು. ದೀರ್ಘಕಾಲ ತಣ್ಣಗಿದ್ದು 1991ರಲ್ಲಿ ಮತ್ತೆ ಎಚ್ಚೆತ್ತ ಈ ಪರ್ವತ ಅಂದಿನಿಂದ ಆಗಾಗ ಹೊಗೆಯುಗುಳುತ್ತಲೇ ಇದೆ. ಪ್ರವಾಸಿಗರು ದ್ವೀಪದ ಮೇಲೆ ಇಳಿಯುವಂತಿಲ್ಲ. ಅನುಮತಿಯಿರುವ ಹಡಗು ಅಥವಾ ದೋಣಿಯಿಂದಲೇ ನೋಡಿ ಬರಬೇಕು. ಇಂಥ ಯಾನಗಳು ನಿತ್ಯ ಹೊರಡುವುದಿಲ್ಲವಾದ್ದರಿಂದ, ಹಡಗು ಹೊರಡುವ ದಿನ ಖಚಿತವಾದ ಮೇಲಷ್ಟೇ ವಿಮಾನದ ಟಿಕೆಟ್ ಮಾಡಿಸಿ. ಬಾರಾಟಾಂಗ್‌ನಲ್ಲಿ ತೋರಿಸುವ 'ಮಣ್ಣಿನ ಜ್ವಾಲಾಮುಖಿ' ಬೇರೆಯೇ ಸಂಗತಿ. ಅಲ್ಲಿ ಅನಿಲದ ಒತ್ತಡಕ್ಕೆ ತಣ್ಣನೆಯ ಕೆಸರು ಗುಳುಗುಳಿಸುತ್ತದೆಯೇ ಹೊರತು ಶಿಲಾಪಾಕದ ಸುಳಿವಿಲ್ಲ. ನೋಡಬೇಡಿ ಎನ್ನುವುದಿಲ್ಲ, ಆದರೆ ಬ್ಯಾರನ್ ಬದಲಿಗೆ ಇದು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಮೊದಲ ಸಲ ಹೊರಡುವವರಿಗೆ ನನ್ನ ಸಲಹೆ ಇಂಡೋನೇಷ್ಯಾ. ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನವಿದೆ, ಭಾರತೀಯರಿಗೆ ಅಲ್ಲಿ ಇಳಿದ ಮೇಲೆ ವೀಸಾ ಸಿಗುತ್ತದೆ, ಖರ್ಚೂ ಕೈಗೆಟುಕುವಂಥದ್ದು. ಮುಖ್ಯವಾಗಿ, ಒಂದು ಪರ್ವತ ಮುಚ್ಚಿದ್ದರೆ ಒಂದು ದಿನದ ಪ್ರಯಾಣದೊಳಗೆ ಇನ್ನೊಂದು ಸಿಗುತ್ತದೆ. ಬಾಲಿಯ ಬಟೂರ್ 1,717 ಮೀಟರ್ ಎತ್ತರದ್ದು, ಕೊನೆಯ ಸಲ ಸಿಡಿದದ್ದು 2000ದಲ್ಲಿ. ಬೆಳಗಿನ ಜಾವ ಎರಡು ಗಂಟೆ ಹತ್ತಿದರೆ ಸೂರ್ಯೋದಯಕ್ಕೆ ಮೇಲಿರಬಹುದು. ಜಾವಾದ ಬ್ರೋಮೋಗೆ ಹೋಗುವವರು ಬೂದಿಬಣ್ಣದ ಮರಳಿನ ಬಯಲನ್ನು ದಾಟಿ, ಮೆಟ್ಟಿಲು ಹತ್ತಿ, ಹೊಗೆಯಾಡುವ ಕುಳಿಯ ಅಂಚಿಗೇ ಬರುತ್ತಾರೆ. ಆ ಬಯಲಿನ ನಡುವೆ ತೆಂಗ್ಗೆರ್ ಜನರ ಹಿಂದೂ ದೇವಾಲಯವಿದೆ, ಕುಳಿಯ ಅಂಚಿನಲ್ಲಿ ಗಣಪತಿಯ ಮೂರ್ತಿಯೂ ಇದೆ. ವರ್ಷಕ್ಕೊಮ್ಮೆ ನಡೆಯುವ ಕಸದಾ ಹಬ್ಬದಲ್ಲಿ ಅವರು ತಾವು ಬೆಳೆದ ತರಕಾರಿಯನ್ನೂ ಕೋಳಿಗಳನ್ನೂ ಕುಳಿಗೆ ಅರ್ಪಿಸುತ್ತಾರೆ. ಮಾರಿಕಾಂಬಾ ಜಾತ್ರೆ ಕಂಡ ಶಿರಸಿಯವರಿಗೆ ಆ ಭಕ್ತಿಯ ಪರಿಯನ್ನು ವಿವರಿಸಬೇಕಾಗಿಲ್ಲ. ಇಜೆನ್ ವಿಚಾರ ಮುಂದೆ ವಿವರವಾಗಿ ಬರುತ್ತದೆ.

ಉಳಿದವುಗಳ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ಇಟಲಿಯ ಸ್ಟ್ರಾಂಬೋಲಿ ದಿನವಿಡೀ ಸ್ವಲ್ಪ ಸ್ವಲ್ಪ ಹೊತ್ತಿಗೆ ಕೆಂಡ ಚಿಮ್ಮಿಸುತ್ತದೆ. 290 ಮೀಟರ್‌ಗಿಂತ ಮೇಲೆ ಮಾರ್ಗದರ್ಶಕರಿಲ್ಲದೆ ಹೋಗುವಂತಿಲ್ಲ. ಕಿಲೌಯೆಯಾ 2024ರ ಡಿಸೆಂಬರ್ 23ರಿಂದ ಬಿಟ್ಟುಬಿಟ್ಟು ಲಾವಾ ಕಾರಂಜಿ ಎಬ್ಬಿಸಿದೆ. ಆದರೆ ಒಂದು ಕಾರಂಜಿಗೂ ಮತ್ತೊಂದಕ್ಕೂ ನಡುವೆ ಎಷ್ಟೋ ಸಲ ವಾರಗಳೇ ಕಳೆದಿವೆ, ಅಮೆರಿಕದ ವೀಸಾಕ್ಕೆ ಅದಕ್ಕಿಂತ ಹೆಚ್ಚು ಕಾಯಬೇಕು. ಐಸ್‌ಲ್ಯಾಂಡಿಗೆ ಷೆಂಗೆನ್ ವೀಸಾ ಬೇಕು, ಹಣವೂ ಧಾರಾಳವಾಗಿ ಬೇಕು.

ಮೂರನೆಯ ಹಂತ: ತೋಟದ ಕೆಲಸಕ್ಕೂ ಪರ್ವತದ ಋತುವಿಗೂ ಹೊಂದಿಸುವುದು

ನಮ್ಮ ಮಳೆಗಾಲದಲ್ಲಿ ಜಾವಾ ಮತ್ತು ಬಾಲಿಯಲ್ಲಿ ಬಿಸಿಲು. ಅಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣಹವೆ, ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಅಡಿಕೆ ತೋಟವಿರುವವರಿಗೆ ಜೂನ್ ನಂತರ ಕೊಳೆ ಔಷಧಿ ಹೊಡೆಸುವ ಗಡಿಬಿಡಿ, ನವೆಂಬರ್ ನಂತರ ಕೊನೆಕೊಯ್ಲು. ಹೀಗಾಗಿ ಏಪ್ರಿಲ್ ಕೊನೆಯಿಂದ ಮೇ ತಿಂಗಳ ಮೂರನೆಯ ವಾರದವರೆಗಿನ ಅವಧಿ ಎರಡೂ ಕಡೆಗೆ ಹೊಂದುತ್ತದೆ, ಮಕ್ಕಳಿಗೂ ರಜೆಯಿರುತ್ತದೆ. ಬಾಲಿಯಲ್ಲಿ ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ ಬರುವ ನ್ಯೆಪಿ ಎಂಬ ಮೌನದ ದಿನ ವಿಮಾನ ನಿಲ್ದಾಣವೂ ಸೇರಿ ಎಲ್ಲವೂ 24 ಗಂಟೆ ಮುಚ್ಚಿರುತ್ತದೆಯಾದ್ದರಿಂದ ಆ ತಾರೀಖನ್ನು ಮೊದಲೇ ನೋಡಿಕೊಳ್ಳಿ. ಅಂಡಮಾನಿಗೆ ಹೋಗುವವರು ಕೊಯ್ಲು ಮುಗಿಸಿ ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹೊರಡುವುದು ಒಳ್ಳೆಯದು. ಆಗ ಸಮುದ್ರ ಶಾಂತವಾಗಿರುತ್ತದೆ. ಜೂನ್‌ನಲ್ಲಿ ದೋಣಿಯನ್ನು ಏಕೆ ದಡಕ್ಕೆ ಎಳೆದಿಡುತ್ತಾರೆಂದು ಕಾರವಾರ, ಅಂಕೋಲಾದವರಿಗೆ ನಾನು ಹೇಳಬೇಕಾಗಿಲ್ಲ.

ಮಳೆಗಾಲವನ್ನು ತಪ್ಪಿಸಬೇಕೆನ್ನುವುದಕ್ಕೆ ಒದ್ದೆಯಾಗುವ ಕಿರಿಕಿರಿಯೊಂದೇ ಕಾರಣವಲ್ಲ. ಇಳಿಜಾರಿನಲ್ಲಿ ರಾಶಿಬಿದ್ದ ಬೂದಿಯ ಮೇಲೆ ಜಡಿಮಳೆ ಸುರಿದರೆ, ಬೂದಿಯೂ ಕಲ್ಲೂ ಸೇರಿ ಕಾಂಕ್ರೀಟಿನಷ್ಟು ದಪ್ಪದ ಕೆಸರಾಗಿ ಹಳ್ಳದುದ್ದಕ್ಕೂ ನುಗ್ಗುತ್ತದೆ. ಪರ್ವತದ ತುದಿಯಲ್ಲಿ ಮಳೆಯಾಗಿ, ಹತ್ತಾರು ಕಿ.ಮೀ. ಕೆಳಗೆ ಬಿಸಿಲಿರುವ ಊರಿಗೂ ಅದು ಬರಬಹುದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಗೆ ಜಾರಿದ್ದನ್ನು ಕಂಡ ಜಿಲ್ಲೆ ನಮ್ಮದು. ನೆನೆದ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಬಾರದೆಂಬ ತಿಳಿವಳಿಕೆಯನ್ನು ಅಲ್ಲಿಗೂ ಒಯ್ಯಬೇಕು. ಪರ್ವತದಿಂದ ಇಳಿಯುವ ಹಳ್ಳದ ಪಾತ್ರದಲ್ಲಿ, ಅದು ಎಷ್ಟೇ ಒಣಗಿರಲಿ, ಊಟಕ್ಕೆ ಕೂರಬೇಡಿ.

ನಾಲ್ಕನೆಯ ಹಂತ: ಎಚ್ಚರಿಕೆಯ ಮಟ್ಟವನ್ನು ಓದಲು ಕಲಿಯುವುದು

ಯೋಜನೆಯ ಜೀವಾಳ ಇದೇ ಆದ್ದರಿಂದ ಸ್ವಲ್ಪ ಸಾವಧಾನವಾಗಿ ಓದಿ. ಇಂಡೋನೇಷ್ಯಾದಲ್ಲಿ ನಾಲ್ಕು ಮಟ್ಟಗಳಿವೆ. ಒಂದನೆಯದು 'ನಾರ್ಮಲ್'. ಎರಡನೆಯದು 'ವಾಸ್ಪಾದಾ', ಅಂದರೆ ಗಮನವಿರಲಿ ಎಂದರ್ಥ. ಮೂರನೆಯದು 'ಸಿಯಾಗಾ', ಸಿದ್ಧರಾಗಿರಿ. ನಾಲ್ಕನೆಯದು 'ಆವಾಸ್', ಅಪಾಯ ಎದುರಿಗಿದೆ. ಸರ್ಕಾರದ ಮ್ಯಾಗ್ಮಾ ಇಂಡೋನೇಷ್ಯಾ ಜಾಲತಾಣದಲ್ಲಿ ಪ್ರತಿ ಪರ್ವತದ ಮಟ್ಟವೂ, ಅದರ ಜೊತೆಗೆ ಕುಳಿಯಿಂದ ಎಷ್ಟು ದೂರದೊಳಗೆ ಹೋಗಬಾರದೆಂಬ ಸೂಚನೆಯೂ ಇರುತ್ತದೆ. ಮಟ್ಟದ ಅಂಕಿಗಿಂತ ಈ ದೂರವನ್ನೇ ಮುಖ್ಯವಾಗಿ ಓದಬೇಕು. ಉದಾಹರಣೆಗೆ, ಬ್ರೋಮೋ ಎರಡನೆಯ ಮಟ್ಟದಲ್ಲಿದ್ದು 1 ಕಿ.ಮೀ. ಒಳಗೆ ಹೋಗಬಾರದೆಂದು ಬರೆದಿದ್ದರೆ, ಮರಳಿನ ಬಯಲಿನ ಎಷ್ಟೋ ಭಾಗ ತೆರೆದಿದ್ದರೂ ಮೆಟ್ಟಿಲು ಹತ್ತುವಂತಿಲ್ಲವೆಂದೇ ತಿಳಿಯಬೇಕು. ಕುದುರೆಯವರು "ಪರವಾಗಿಲ್ಲ, ಬನ್ನಿ" ಎನ್ನುತ್ತಾರೆ. ಅವರಿಗೆ ಅದು ಅಂದಿನ ಕೂಲಿ. ಕರೆಯುವುದು ಸಹಜ, ಒಪ್ಪದಿರುವುದು ನಿಮ್ಮ ಹೊಣೆ.

2023ರ ಡಿಸೆಂಬರ್ 3ರಂದು ಸುಮಾತ್ರದ ಮರಾಪಿ ಸಿಡಿದಾಗ ಅದು ಎರಡನೆಯ ಮಟ್ಟದಲ್ಲಿತ್ತು, 3 ಕಿ.ಮೀ. ಒಳಗೆ ಹೋಗಬಾರದೆಂಬ ಸೂಚನೆಯೂ ಇತ್ತು. ಹೀಗಿದ್ದೂ ಚಾರಣಿಗರು ಮೇಲಿದ್ದರು, 20ಕ್ಕೂ ಹೆಚ್ಚು ಮಂದಿ ಹಿಂದಿರುಗಲಿಲ್ಲ. ಜಾವಾದ ಮೆರಾಪಿಯೂ ಸುಮಾತ್ರದ ಮರಾಪಿಯೂ ಬೇರೆ ಬೇರೆ ಎಂಬುದು ಗಮನದಲ್ಲಿರಲಿ. ಸುದ್ದಿ ಓದುವಾಗ ಹೆಸರು ಅದಲುಬದಲಾಗಿ ಸುಮ್ಮನೆ ಗಾಬರಿಯಾಗುವುದೂ ಉಂಟು, ಗಾಬರಿಯಾಗಬೇಕಾದಲ್ಲಿ ಆಗದಿರುವುದೂ ಉಂಟು.

ನಾನು ಪಾಲಿಸುವ ಕ್ರಮ ಹೀಗಿದೆ. ಹೊರಡುವ ಮೂರು ತಿಂಗಳ ಮೊದಲು ಆ ಪರ್ವತದ ಕಳೆದ ಒಂದು ವರ್ಷದ ವರದಿಗಳನ್ನು ಓದುತ್ತೇನೆ. ಸ್ಮಿತ್‌ಸೋನಿಯನ್ ಸಂಸ್ಥೆಯ ಜಾಗತಿಕ ಜ್ವಾಲಾಮುಖಿ ವಿಭಾಗ ಪ್ರತಿ ವಾರ ಪ್ರಕಟಿಸುವ ವರದಿ ಇದಕ್ಕೆ ಬಹಳ ಅನುಕೂಲ. ಒಂದು ತಿಂಗಳ ಮೊದಲು ಮಟ್ಟವನ್ನೂ ನಿಷೇಧಿತ ದೂರವನ್ನೂ ಡೈರಿಯಲ್ಲಿ ಬರೆದಿಡುತ್ತೇನೆ. ಕೊನೆಯ ವಾರ ದಿನಾಲೂ ನೋಡುತ್ತೇನೆ, ಹತ್ತುವ ಹಿಂದಿನ ಸಂಜೆ ಪುನಃ ನೋಡುತ್ತೇನೆ. ಈ ಅವಧಿಯಲ್ಲಿ ಮಟ್ಟ ಏರಿದ್ದರೆ, ದೂರವಿನ್ನೂ ಅಷ್ಟೇ ಇದ್ದರೂ, ಕುಳಿಯ ಅಂಚನ್ನು ಬಿಟ್ಟು ದೂರದ ದಿಬ್ಬಕ್ಕೆ ಹೋಗುತ್ತೇನೆ. ಈ ನಿರ್ಧಾರವನ್ನು ಮನೆಯಲ್ಲೇ, ತಣ್ಣನೆಯ ತಲೆಯಲ್ಲಿ ಬರೆದಿಟ್ಟುಕೊಳ್ಳಬೇಕು. ಇಷ್ಟು ಖರ್ಚು ಮಾಡಿ ಬಂದಾಗಿದೆ ಎಂಬ ಯೋಚನೆ ಬುಡದಲ್ಲಿ ನಿಂತವನ ಬಾಯಲ್ಲಿ ಎಂಥ ಕಾರಣವನ್ನಾದರೂ ಹುಟ್ಟಿಸುತ್ತದೆ. ಇಷ್ಟಾದರೂ ಕೆಳಗಿನ ಮಟ್ಟವೆಂದರೆ ಅಭಯವಲ್ಲ. ಒಂಟಾಕೆಯನ್ನು ನೆನೆದು ಕುಳಿಯ ಅಂಚಿನಲ್ಲಿರುವ ಹೊತ್ತನ್ನು ಆದಷ್ಟು ಕಡಿಮೆ ಮಾಡಬೇಕು. ಅಂಚಿನಲ್ಲಿ ಬುತ್ತಿ ಬಿಚ್ಚಿ ಕೂರುವುದು ಬೇಡ.

ಐದನೆಯ ಹಂತ: ಕಾಗದಪತ್ರ, ಟಿಕೆಟ್ ಮತ್ತು ವಿಮೆ

ಪಾಸ್‌ಪೋರ್ಟ್ ಇಲ್ಲದವರು ಹುಬ್ಬಳ್ಳಿಯ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಇದ್ದವರು ಪ್ರವಾಸದ ದಿನದಿಂದ ಆರು ತಿಂಗಳಾದರೂ ಅವಧಿ ಉಳಿದಿದೆಯೇ ನೋಡಿಕೊಳ್ಳಲಿ. ಇಂಡೋನೇಷ್ಯಾದ ವೀಸಾ ಶುಲ್ಕ 5 ಲಕ್ಷ ರುಪಿಯಾ, ಅವಧಿ 30 ದಿನ. ಅಂಕಿ ಕಂಡು ಹೌಹಾರಬೇಡಿ, ಅಲ್ಲಿ ಒಂದು ಊಟಕ್ಕೇ ಸಾವಿರಗಟ್ಟಲೆ ಎಣಿಸಬೇಕು. ಅದನ್ನು ಮೊದಲೇ ಆನ್‌ಲೈನಿನಲ್ಲಿ ಕಟ್ಟಿ ಹೋದರೆ ವಿಮಾನ ನಿಲ್ದಾಣದಲ್ಲಿ ಸಾಲು ನಿಲ್ಲುವುದು ತಪ್ಪುತ್ತದೆ.

ಟಿಕೆಟ್ ಮಾಡಿಸುವಾಗ ಪ್ರತಿ ಪರ್ವತಕ್ಕೂ ಕನಿಷ್ಠ ಒಂದು, ಸಾಧ್ಯವಾದರೆ ಎರಡು ಖಾಲಿ ದಿನಗಳನ್ನು ಬಿಡಿ, ಮರಳುವ ವಿಮಾನಕ್ಕೆ ಮೊದಲು ಮತ್ತೊಂದು ದಿನವನ್ನು ಬಿಡಿ. ಬೂದಿ ಬರೀ ಪರ್ವತದ ಬುಡದವರನ್ನಷ್ಟೇ ಕಾಡುವುದಿಲ್ಲ. ಅದು ಒಲೆಯ ಬೂದಿಯಂಥದ್ದಲ್ಲ. ಅದರಲ್ಲಿರುವುದು ಗಾಜು ಮತ್ತು ಕಲ್ಲಿನ ಹುಡಿ. ಜೆಟ್ ಎಂಜಿನ್ನಿನೊಳಗೆ ಕರಗಿ ಅಂಟಿಕೊಂಡು ಎಂಜಿನ್ ನಿಲ್ಲಿಸಬಲ್ಲ ಈ ಬೂದಿಗೆ ಹೆದರಿಯೇ ವಿಮಾನಗಳು ಹಾರುವುದಿಲ್ಲ. 2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಒಂದೇ ಪರ್ವತದಿಂದ ಯುರೋಪಿನ ಬಹುಭಾಗದ ಆಕಾಶ ಸುಮಾರು ಒಂದು ವಾರ ಮುಚ್ಚಿತ್ತು. 2024ರ ನವೆಂಬರಿನಲ್ಲಿ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದು, ನೂರಾರು ಕಿ.ಮೀ. ದೂರದ ಬಾಲಿಯ ವಿಮಾನಗಳು ರದ್ದಾದವು. 2025ರ ನವೆಂಬರ್ 23ರಂದು ಇಥಿಯೋಪಿಯಾದ ಹೈಲಿ ಗುಬ್ಬಿ ಉಗುಳಿದ ಬೂದಿಯಂತೂ ಅರಬ್ಬಿ ಸಮುದ್ರ ದಾಟಿ ಗುಜರಾತ್, ದೆಹಲಿಯ ಆಕಾಶಕ್ಕೇ ಬಂದು ನಮ್ಮ ದೇಶದ ವಿಮಾನಗಳನ್ನೂ ನಿಲ್ಲಿಸಿತು. ಬೆಂಗಳೂರಿನಿಂದ ಶಿರಸಿಗೋ ಕಾರವಾರಕ್ಕೋ ಬರುವ ರಾತ್ರಿ ಬಸ್ಸಿನ ಟಿಕೆಟನ್ನು ಅದೇ ದಿನಕ್ಕೆ ಮಾಡಿಸಿ, ಮರುದಿನ ಮದುವೆಯೋ ಉಪನಯನವೋ ಇದೆ ಎನ್ನುವಂತೆ ಯಾವತ್ತೂ ಹೊಂದಿಸಬೇಡಿ.

ವಿಮೆಯ ಕಾಗದವನ್ನು ಪೂರ್ತಿ ಓದಿ. ಜ್ವಾಲಾಮುಖಿಯಿಂದಾದ ರದ್ದತಿಗೆ ಹಣ ಕೊಡುತ್ತಾರೆಯೇ? ಪಾಲಿಸಿ ಕೊಳ್ಳುವ ಮೊದಲೇ ಆ ಪರ್ವತ ಚಟುವಟಿಕೆಯಲ್ಲಿದ್ದರೆ ಏನು? ಚಾರಣಕ್ಕೆ ಎಷ್ಟು ಎತ್ತರದವರೆಗೆ ರಕ್ಷಣೆ? ನಿಷೇಧಿತ ವಲಯದೊಳಗೆ ಹೋಗಿ ಗಾಯಗೊಂಡರೆ ಯಾವ ಪಾಲಿಸಿಯಿಂದಲೂ ಹಣದ ಆಸೆ ಇಟ್ಟುಕೊಳ್ಳಬೇಡಿ. ನನ್ನ ಮೊದಲ ಪ್ರವಾಸದಲ್ಲಿ ಗೇಟು ಮುಚ್ಚಿದ್ದಕ್ಕೆ ಹಣ ಹಿಂತಿರುಗಿಸಲು ಪ್ರವಾಸ ಏರ್ಪಡಿಸಿದವರು ಒಪ್ಪಲಿಲ್ಲ. ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅವರು ಅದನ್ನು ಬರೆದೇ ಇದ್ದರು. ಅಂದಿನಿಂದ ಪರ್ವತ ಮುಚ್ಚಿದರೆ ಇನ್ನೊಂದು ದಿನ ಕೊಡುತ್ತೀರೋ ಹಣ ಕೊಡುತ್ತೀರೋ ಎಂದು ಮುಂಗಡ ಕೊಡುವ ಮೊದಲೇ ಬರಹದಲ್ಲಿ ಕೇಳುತ್ತೇನೆ. ಉತ್ತರಿಸಲು ತಡವರಿಸುವವರನ್ನು ಬಿಟ್ಟುಬಿಡುತ್ತೇನೆ.

ಆರನೆಯ ಹಂತ: ದೇಹ ಮತ್ತು ಸಾಮಾನು

ಅಸ್ತಮಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಮತ್ತು ಚಿಕ್ಕ ಮಕ್ಕಳು ಗಂಧಕದ ಹೊಗೆಯಿರುವ ಕುಳಿಗೆ ಹೋಗಕೂಡದು. ಇಜೆನ್‌ನಲ್ಲಿ ಆರೋಗ್ಯ ಪ್ರಮಾಣಪತ್ರವನ್ನೂ ಕೇಳುತ್ತಾರೆ. ಉಳಿದವರು ಎರಡು ತಿಂಗಳ ಮೊದಲಿನಿಂದ ನಡಿಗೆ ಶುರುಮಾಡಲಿ. ಕಾರವಾರದವರಿಗೆ ಗುಡ್ಡಳ್ಳಿ ಗುಡ್ಡವಿದೆ, ಶಿರಸಿಯವರಿಗೆ ಉಂಚಳ್ಳಿ ಜಲಪಾತದ ಕಣಿವೆಯಿದೆ. ಬೆನ್ನಿಗೆ 5 ಕಿಲೋ ಹೊತ್ತು, ನಸುಕಿನ ಕತ್ತಲಲ್ಲಿ ತಲೆಗೆ ಕಟ್ಟುವ ಟಾರ್ಚಿನ ಬೆಳಕಿನಲ್ಲಿ ಒಂದೆರಡು ಸಲ ಹತ್ತಿ ಇಳಿದರೆ ಶೂ ಎಲ್ಲಿ ಕಚ್ಚುತ್ತದೆಂಬುದೂ ತಿಳಿಯುತ್ತದೆ.

ಕರಾವಳಿಯವರು ಚಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಮಭಾಜಕ ವೃತ್ತದ ಹತ್ತಿರವೇ ಇದ್ದರೂ 2,000 ಮೀಟರ್ ಮೇಲೆ ನಸುಕಿನಲ್ಲಿ ಉಷ್ಣತೆ 5 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು. ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಕಡ್ಡಾಯ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಅಂದು ಕನ್ನಡಕ ಧರಿಸಲಿ. ಲೆನ್ಸಿನ ಅಡಿಗೆ ಸೇರಿದ ಬೂದಿಯ ಕಣ ಕಣ್ಣನ್ನು ಗೀರುತ್ತದೆ. ಬೂದಿಗೆ ಎನ್-95 ಮುಖಗವಸು ಸಾಕು. ಅನಿಲಕ್ಕೆ ಅದು ಏನೇನೂ ಸಾಲದು, ಆಮ್ಲಾನಿಲ ಹೀರುವ ಡಬ್ಬಿಯಿರುವ ಮಾಸ್ಕ್ ಬೇಕು. ಅಲ್ಲೇ ಬಾಡಿಗೆಗೆ ಸಿಗುತ್ತದೆ, ಆದರೆ ಡಬ್ಬಿ ಎಂದು ಬದಲಿಸಿದ್ದೆಂದು ಕೇಳಿ, ಹಾಕಿಕೊಂಡು ಅಂಗೈಯಿಂದ ಡಬ್ಬಿ ಮುಚ್ಚಿ ಉಸಿರೆಳೆದು ನೋಡಿ. ಮುಖಕ್ಕೆ ಮಾಸ್ಕ್ ಕಚ್ಚಿಕೊಂಡರೆ ಸರಿ. ಗಡ್ಡವಿದ್ದರೆ ಅದು ಕಚ್ಚುವುದಿಲ್ಲ, ಬೋಳಿಸಿಯೇ ಹೋಗಬೇಕು. ಕಲ್ಲು ಸಿಡಿಯುವ ಪರ್ವತಗಳಲ್ಲಿ ಮಾರ್ಗದರ್ಶಕರು ಹೆಲ್ಮೆಟ್ ಕೊಡುತ್ತಾರೆ. ಕೈಯಲ್ಲಿ ಹಿಡಿದುಕೊಳ್ಳುವುದಕ್ಕೆ ಅಲ್ಲ.

ಏಳನೆಯ ಹಂತ: ಪರ್ವತದ ಮೇಲೆ

ಎರಡನೆಯ ಸಲ ಇಜೆನ್ ಗೇಟು ತೆರೆದಿತ್ತು. ಪಾಲ್ಟುಡಿಂಗ್ ಎಂಬಲ್ಲಿಂದ ಸುಮಾರು 3 ಕಿ.ಮೀ. ಕಡಿದಾದ ಏರು. ಅಂಚು ತಲುಪುವ ಮೊದಲೇ ಗಂಟಲಲ್ಲಿ ಬೆಂಕಿಕಡ್ಡಿ ಗೀರಿದಂಥ ಘಾಟು ಹತ್ತಿಕೊಂಡಿತು. ಕೆಳಗೆ ಕತ್ತಲಲ್ಲಿ ನೀಲಿ ಜ್ವಾಲೆ ಬಂಡೆಯ ಮೇಲೆ ನೀರಿನಂತೆ ಹರಿದು ಆರಿ ಮತ್ತೆ ಹೊತ್ತುತ್ತಿತ್ತು. ಅದನ್ನು 'ನೀಲಿ ಲಾವಾ' ಎಂದು ಮಾರುತ್ತಾರೆ. ಬಿರುಕಿನಿಂದ ಬಿಸಿಯಾಗಿ ಹೊರಬಿದ್ದ ಗಂಧಕದ ಅನಿಲ ಗಾಳಿ ತಾಗಿ ಉರಿಯುವುದಷ್ಟೇ ಅದು. ಅಲ್ಲಿಯೇ ಕೊಳವೆಗಳಲ್ಲಿ ಅನಿಲವನ್ನು ತಣಿಸಿ ಗಂಧಕ ತೆಗೆಯುತ್ತಾರೆ. ಕೊಳವೆಯ ಬಾಯಿಂದ ಕೆಂಪಾಗಿ ತೊಟ್ಟಿಕ್ಕುವುದು ತಣ್ಣಗಾಗುತ್ತ ಅರಿಸಿನದ ಬಣ್ಣಕ್ಕೆ ತಿರುಗುತ್ತದೆ. ಎರಡು ಬಿದಿರು ಬುಟ್ಟಿಗಳನ್ನು ಅಡ್ಡಗೋಲಿಗೆ ಕಟ್ಟಿ, 70 ಕಿಲೋ ಮಿಕ್ಕಿದ ಹೊರೆಯನ್ನು ಹೆಗಲ ಮೇಲಿಟ್ಟು ಒಬ್ಬಾತ ಮೇಲೆ ಬರುತ್ತಿದ್ದ. ಬಾಯಿಗೆ ಒದ್ದೆ ಬಟ್ಟೆಯ ತುಂಡಷ್ಟೇ. ಪ್ರತಿ ಹೆಜ್ಜೆಗೂ ಬುಟ್ಟಿ ಕಿರ್ರೆನ್ನುತ್ತಿತ್ತು. ದಾರಿ ಬಿಡಲು ಬಂಡೆಗೆ ಒತ್ತಿ ನಿಂತ ನನ್ನ ಬಾಡಿಗೆ ಮಾಸ್ಕನ್ನು ನೋಡಿ ನಕ್ಕ. ಇವರಿಗೆ ದಾರಿ ಬಿಡಬೇಕು, ಕೇಳದೆ ಫೋಟೋ ತೆಗೆಯಬಾರದು. ಬೆಳಕು ಹರಿದ ಮೇಲೆ ಕಾಣುವ ವೈಡೂರ್ಯದ ಬಣ್ಣದ ಸರೋವರ ಬ್ಯಾಟರಿಯ ಆಮ್ಲಕ್ಕೆ ಹತ್ತಿರದ ದ್ರವ. ಬೆರಳದ್ದುವ ಹುಡುಗಾಟ ಬೇಡ.

ಕುಳಿಯಲ್ಲಿ ಸದಾ ಗಾಳಿ ಬರುವ ಕಡೆಗೇ ನಿಲ್ಲಬೇಕು. ಗಾಳಿ ತಿರುಗಿ ಹೊಗೆ ಮೈಮೇಲೆ ಬಂದರೆ ಅಡ್ಡಕ್ಕೆ ಸರಿದು ಹೊರಬನ್ನಿ. ಕಣ್ಣುರಿ, ತಲೆಸುತ್ತು, ಕೆಮ್ಮು ಶುರುವಾದರೆ ಮರುಮಾತಿಲ್ಲದೆ ಮೇಲೆ ಹತ್ತಿ ಬಿಡಿ. ಘಾಟಿರುವ ಗಂಧಕದ ಅನಿಲ ತಾನು ಬಂದೆನೆಂದಾದರೂ ಹೇಳುತ್ತದೆ. ಇಂಗಾಲದ ಡೈಆಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ, ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ ಮಡುಗಟ್ಟುತ್ತದೆ. 1979ರಲ್ಲಿ ಜಾವಾದ ಡಿಯೆಂಗ್ ಪ್ರಸ್ಥಭೂಮಿಯಲ್ಲಿ ಓಡಿಹೋಗುತ್ತಿದ್ದ 140ಕ್ಕೂ ಹೆಚ್ಚು ಹಳ್ಳಿಗರು ಈ ಅನಿಲಕ್ಕೆ ಸಿಕ್ಕಿ ಸತ್ತರು. ಹಳೆಯ ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ನಮ್ಮ ಹಿರಿಯರ ರೂಢಿಗೂ ಕಾರಣ ಇದೇ. ಗಾಳಿಯಾಡದ ಮುಂಜಾವಿನಲ್ಲಿ ತಗ್ಗು, ಗುಹೆ, ಬಿರುಕುಗಳಿಗೆ ಇಳಿಯಬೇಡಿ, ನೆಲಕ್ಕೆ ಮಲಗಿ ಫೋಟೋ ತೆಗೆಯಬೇಡಿ.

ಅಕಸ್ಮಾತ್ ಸಿಡಿದರೆ ಮೊಬೈಲ್ ಎತ್ತಬೇಡಿ. ಕಲ್ಲುಗಳು ಹಾರುತ್ತಿದ್ದರೆ ದೊಡ್ಡ ಬಂಡೆಯ ಮರೆಗೆ ಸರಿದು, ಚೀಲವನ್ನು ತಲೆಯ ಮೇಲೆ ಹಿಡಿದು, ಸುರಿಮಳೆ ನಿಂತ ಕೂಡಲೇ ಕುಳಿಯಿಂದ ದೂರ ಓಡಬೇಕು. ಹಳ್ಳ, ಕಣಿವೆಗಳನ್ನು ಬಿಟ್ಟು ಏಣುಗಳ ಮೇಲೆ ಇಳಿಯಬೇಕು, ಏಕೆಂದರೆ ಬಿಸಿ ಮೋಡವೂ ಕೆಸರೂ ಮೊದಲು ಹುಡುಕುವುದು ತಗ್ಗನ್ನೇ. ಬೂದಿ ಬೀಳತೊಡಗಿದರೆ ಮಾಸ್ಕ್ ಹಾಕಿ ಕಟ್ಟಡದೊಳಗೆ ಸೇರಿಕೊಳ್ಳಿ. ಕಾರಿನ ಗಾಜಿಗೆ ಕುಳಿತ ಬೂದಿಯನ್ನು ನೀರಿಲ್ಲದೆ ವೈಪರಿನಿಂದ ಒರೆಸಿದರೆ ಗಾಜಿಗೆ ಉಪ್ಪುಕಾಗದ ಉಜ್ಜಿದಂತಾಗುತ್ತದೆ. ಲಾವಾ ಸಮುದ್ರಕ್ಕೆ ಬೀಳುವ ಜಾಗಗಳಲ್ಲಿ ಏಳುವ ಬಿಳಿ ಹಬೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಗಾಜಿನ ಪುಡಿಯೂ ಇರುತ್ತದೆ. 2018ರ ಜುಲೈನಲ್ಲಿ ಹವಾಯಿಯಲ್ಲಿ ಇಂಥದ್ದನ್ನು ತೋರಿಸಲು ಹೋದ ದೋಣಿಯ ಮಾಡಿನ ಮೇಲೆ ಲಾವಾದ ಉಂಡೆ ಬಿದ್ದು 23 ಮಂದಿ ಗಾಯಗೊಂಡಿದ್ದರು.

ಎಂಟನೆಯ ಹಂತ: ಮರಳಿ ಬಂದ ಮೇಲೆ

ಬೂದಿ ಮೆತ್ತಿದ ಬಟ್ಟೆ, ಶೂಗಳನ್ನು ಮೊದಲು ಹೊರಗೆ ಕೊಡವಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ. ನೇರ ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಅದರ ಕೊಳವೆ ಕಟ್ಟಿಕೊಳ್ಳುತ್ತದೆ. ಕ್ಯಾಮೆರಾದ ಲೆನ್ಸನ್ನು ಬಟ್ಟೆಯಿಂದ ಒರೆಸದೆ ಗಾಳಿ ಊದಿ ಸ್ವಚ್ಛಗೊಳಿಸಿ. ರಾಷ್ಟ್ರೀಯ ಉದ್ಯಾನಗಳಿಂದ ಕಲ್ಲು, ಗಂಧಕದ ತುಂಡು ತರುವುದು ತಪ್ಪು. ಗಂಧಕ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ವಿಮಾನದಲ್ಲೂ ಒಯ್ಯುವಂತಿಲ್ಲ. ಗಂಧಕದ ವಾಸನೆ ಉಣ್ಣೆ ಬಟ್ಟೆಯಿಂದ ಬೇಗ ಹೋಗುವುದಿಲ್ಲ. ನನ್ನ ಸ್ವೆಟರನ್ನು ಆಯಿ ಮೂರು ಸಲ ಅಂಟುವಾಳದಲ್ಲಿ ತೊಳೆದು ಅಡಿಕೆ ಒಣಗಿಸುವ ಅಂಗಳದ ತುದಿಯಲ್ಲಿ ಹರವಿದ್ದಳು. ಒಂದು ವಾರ ಕಳೆದರೂ ಕೆಮ್ಮು, ಎದೆಬಿಗಿತ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿ, ಯಾವ ಕುಳಿಯಲ್ಲಿ ಎಷ್ಟು ಹೊತ್ತು ಇದ್ದಿರಿ ಎಂಬುದನ್ನು ಮರೆಯದೆ ತಿಳಿಸಿ. ಇಲ್ಲವಾದರೆ ಅವರು ಅದನ್ನು ಮಳೆಗಾಲದ ನೆಗಡಿ ಎಂದೇ ಎಣಿಸಿ ಔಷಧಿ ಬರೆಯುವ ಸಾಧ್ಯತೆಯಿದೆ.